ಘಟ್ಟ ಬೇರೆ, ಗಡಿ ಬೇರೆ

ಶೃಂಗೇರಿಯಿಂದ ಕೆರೆಕಟ್ಟೆಯ ಮೇಲಾಗಿ ಕಾರ್ಕಳಕ್ಕೆ ಇಳಿಯುವ ದಾರಿಯಲ್ಲಿ, ಕುದುರೆಮುಖದ ರಸ್ತೆ ಕವಲೊಡೆಯುವ ಕಡೆ ಎಸ್.ಕೆ. ಬಾರ್ಡರ್ ಎಂಬ ಸ್ಥಳವಿದೆ. ಎಸ್.ಕೆ. ಎಂದರೆ ಸೌತ್ ಕೆನರಾ. ಆ ಹೆಸರಿನ ಜಿಲ್ಲೆ ಈಗ ಇಲ್ಲ. ಅದರ ಮುಂದುವರಿಕೆಯಾದ ದಕ್ಷಿಣ ಕನ್ನಡಕ್ಕೂ ಈ ಜಾಗದ ಮೇಲೆ ಹಕ್ಕು ಉಳಿದಿಲ್ಲ. 1997ರ ಆಗಸ್ಟ್ 25ರಂದು ಉಡುಪಿ ಜಿಲ್ಲೆ ರೂಪುಗೊಂಡಾಗ ಕಾರ್ಕಳ ತಾಲ್ಲೂಕು ಅದರ ಪಾಲಾಯಿತು. ಆದರೂ ಹೆಸರು ನಿಂತಿದೆ, ಬಸ್ಸಿನವರೂ ಊರವರೂ ಅದನ್ನೇ ಹೇಳುತ್ತಾರೆ. 1799ರಿಂದ 1956ರವರೆಗೆ ಈ ಘಟ್ಟದ ನೆತ್ತಿ ಎರಡು ಆಳ್ವಿಕೆಗಳ ನಡುವಿನ ಗಡಿಯಾಗಿತ್ತು. ಮೇಲೆ ಮೈಸೂರು ಸಂಸ್ಥಾನ; ಕೆಳಗೆ ಮೊದಲು ಕಂಪನಿಯ, ಆಮೇಲೆ ಬ್ರಿಟಿಷ್ ಸರ್ಕಾರದ ಮದ್ರಾಸ್ ಆಡಳಿತಕ್ಕೆ ಸೇರಿದ ಕೆನರಾ. ಕಾನೂನು, ಕಂದಾಯ, ಕಚೇರಿ ಎಲ್ಲವೂ ಬೇರೆ ಬೇರೆಯಾಗಿದ್ದ ಎರಡು ದೇಶಗಳೆಂದೇ ಅವನ್ನು ಎಣಿಸಬಹುದು. ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಸೀಮೆಯಲ್ಲಿ ಇಂದಿಗೂ ಬಲವಾಗಿ ಬೇರೂರಿರುವ ಒಂದು ನಂಬಿಕೆ ಹುಟ್ಟಿದ್ದು ಈ ಸಂಗತಿಯಿಂದಲೇ: ಘಟ್ಟ ಪ್ರಕೃತಿಯೇ ಎಳೆದ ಗಡಿ, ಆಳುವವರು ಬಂದು ಅದನ್ನು ಒಪ್ಪಿಕೊಂಡರು ಅಷ್ಟೇ ಎಂಬುದು.

ಈ ನಂಬಿಕೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅದಕ್ಕೆ ಕಣ್ಣಿನ ಸಾಕ್ಷಿಯಿದೆ. ಮಳೆ ಹಿಂದೆ ಸರಿದು ಬಾನು ತಿಳಿಯಾದ ದಿನ ಮಣಿಪಾಲದ ಗುಡ್ಡದ ಮೇಲೆ ನಿಂತು ಮೂಡಲಿಗೆ ನೋಡಿದರೆ ಬಡಗಿನಿಂದ ತೆಂಕಿಗೆ ಹಬ್ಬಿದ ನೀಲಿ ಗೋಡೆ ಕಾಣುತ್ತದೆ. ಹೆಬ್ರಿ ದಾಟಿ ಸೋಮೇಶ್ವರಕ್ಕೆ ಬಂದರೆ ಆ ಗೋಡೆ ತಲೆಯ ಮೇಲೆಯೇ ನಿಲ್ಲುತ್ತದೆ. ಆಗುಂಬೆಗೆ ಏರುವ ರಸ್ತೆ ಹದಿನಾಲ್ಕು ತಿರುವುಗಳಲ್ಲಿ ಸುತ್ತಿ ಸುತ್ತಿ ಹೋಗಬೇಕು. ಬದುಕಿನ ಸಾಕ್ಷಿಯೂ ಇದೆ. ಕೆಳಗೆ ತೆಂಗು, ಗದ್ದೆ, ಮೀನು, ಭೂತದ ಕೋಲ. ಮೇಲೆ ಅಡಿಕೆ, ಕಾಫಿ, ಏಲಕ್ಕಿ. ಮಾತಿನ ಸಾಕ್ಷಿಯಂತೂ ದಿನನಿತ್ಯದ್ದು: ಜನ ತಮ್ಮನ್ನು ಘಟ್ಟದ ಮೇಲಿನವರು, ಘಟ್ಟದ ಕೆಳಗಿನವರು ಎಂದು ಗುರುತಿಸಿಕೊಳ್ಳುತ್ತಾರೆ. ಒಂದೂವರೆ ಶತಮಾನದ ರಾಜಕೀಯ ಗಡಿಯೂ, ಇಂದಿನ ಜಿಲ್ಲೆಗಳ ಗಡಿಯೂ ಹೆಚ್ಚುಕಡಿಮೆ ಇದೇ ಏಣಿನ ಮೇಲೆ ಸಾಗುತ್ತವೆ. ಇಷ್ಟೆಲ್ಲ ಒಂದೇ ಕಡೆ ಕೂಡಿದಾಗ, ಬೆಟ್ಟವೇ ಗಡಿಯನ್ನು ಉಂಟುಮಾಡಿತು ಎಂದುಕೊಳ್ಳುವುದು ಸಹಜ.

ಆದರೆ ಈ ಮಾತಿನೊಳಗೆ ಎರಡು ಹೇಳಿಕೆಗಳು ಒಂದಕ್ಕೊಂದು ಅಂಟಿಕೊಂಡಿವೆ, ಗೊಂದಲವಿರುವುದು ಅಲ್ಲಿಯೇ. ಘಟ್ಟ ಏರುವುದು ಕಷ್ಟ, ಆದ್ದರಿಂದ ಎರಡೂ ಕಡೆಯ ಬದುಕಿನಲ್ಲಿ ವ್ಯತ್ಯಾಸಗಳು ಬೆಳೆದವು ಎಂಬುದು ಮೊದಲನೆಯದು. ಇದು ನಿಜ. ಎರಡು ನಾಡುಗಳನ್ನು ಬೇರ್ಪಡಿಸುವ ನಿಶ್ಚಿತವಾದ ಒಂದು ಗೆರೆಯನ್ನು ಘಟ್ಟವೇ ಗೊತ್ತುಮಾಡುತ್ತದೆ, ಮನುಷ್ಯ ಅದನ್ನು ಗುರುತಿಸಿದರೆ ಸಾಕು ಎಂಬುದು ಎರಡನೆಯದು. ಇದು ಸುಳ್ಳು. ಕಷ್ಟ ಎಂಬುದು ಹೆಚ್ಚುಕಡಿಮೆಯಾಗುವ ಗುಣ. ಹೊಸ ರಸ್ತೆಯೊಂದು ಬಂದರೆ ಕುಗ್ಗುತ್ತದೆ, ಗುಡ್ಡ ಕುಸಿದರೆ ಹಿಗ್ಗುತ್ತದೆ. ಗಡಿಗೆ ಅಂಥ ಹೆಚ್ಚುಕಡಿಮೆ ಇಲ್ಲ. ಒಂದು ಮರ ಗಡಿಯ ಈಚೆಗಿದೆ ಅಥವಾ ಆಚೆಗಿದೆ. ಮೊದಲನೆಯದನ್ನು ಸಾಬೀತು ಮಾಡಿ ಎರಡನೆಯದನ್ನು ಸಾಬೀತು ಮಾಡಿದಂತೆ ಭಾವಿಸುವುದರಿಂದಲೇ ಈ ನಂಬಿಕೆಗೆ ಬಲ ಬಂದಿದೆ.

ಎರಡನೆಯ ಹೇಳಿಕೆಯನ್ನು ಪರೀಕ್ಷಿಸುವ ಬಗೆ ಸರಳ. ಪ್ರಕೃತಿ ಗೆರೆ ಎಳೆದಿದ್ದರೆ ಆ ಗೆರೆ ಎಲ್ಲಿದೆ ಎಂದು ಕೇಳಬೇಕು. ಕೇಳಿದಾಗ ಒಂದಲ್ಲ, ಕಡೇಪಕ್ಷ ನಾಲ್ಕು ಗೆರೆಗಳು ಎದ್ದುಬರುತ್ತವೆ.

1. ಕಡಿದಾದ ಅಂಚಿನ ಗೆರೆ. ಪಶ್ಚಿಮ ಘಟ್ಟ ಹಿಮಾಲಯದಂತೆ ಮಡಿಕೆಯಾಗಿ ಎದ್ದ ಪರ್ವತವಲ್ಲ. ಪ್ರಸ್ಥಭೂಮಿಯ ಪಡುವಣ ಅಂಚು. ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಈ ನೆಲದಿಂದ ಬೇರ್ಪಟ್ಟಾಗ ಉಂಟಾದ ಅಂಚು ಸವೆಯುತ್ತ ಮೂಡಲಿಗೆ ಸರಿದು ಇಂದಿನ ಜಾಗಕ್ಕೆ ಬಂದಿದೆ. ಹಾಗಾಗಿ ಗೋಡೆ ಕಾಣುವುದು ಕೆಳಗಿನವರಿಗೆ ಮಾತ್ರ. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿದ್ದರೆ ತೀರ್ಥಹಳ್ಳಿ ಸುಮಾರು 590 ಮೀಟರಿನಲ್ಲಿದೆ. ತೀರ್ಥಹಳ್ಳಿಯ ಕಡೆಯಿಂದ ಬರುವವನಿಗೆ ಆಗುಂಬೆ ಬೆಟ್ಟದ ತುದಿಯಲ್ಲ, ನೆಲ ಮುಗಿಯುವ ಜಾಗ. ಕುದುರೆಮುಖ (1,894 ಮೀಟರ್), ಕೊಡಚಾದ್ರಿ (1,343 ಮೀಟರ್) ನಿಜವಾದ ಶಿಖರಗಳೇ ಹೌದು, ಆದರೆ ಅವು ಅಂಚಿನುದ್ದಕ್ಕೂ ಸಾಲುಗಟ್ಟಿ ನಿಂತಿಲ್ಲ.

2. ನೀರು ಹಂಚಿಹೋಗುವ ಗೆರೆ. ಬೆಟ್ಟವನ್ನು ಗಡಿಯೆನ್ನುವವರು ಸಾಮಾನ್ಯವಾಗಿ ಮನಸ್ಸಿನಲ್ಲಿಟ್ಟುಕೊಳ್ಳುವುದು ಇದನ್ನೇ: ಮೂಡಲಿಗೆ ಹರಿಯುವ ನೀರು ಅವರದು, ಪಡುವಲಿಗೆ ಹರಿಯುವುದು ನಮ್ಮದು. ಆದರೆ ಈ ಗೆರೆ ಅಂಚಿನ ಗೆರೆಯೊಂದಿಗೆ ಕೂಡಿಬರುವುದಿಲ್ಲ. ಆಗುಂಬೆ ಸೀಮೆಯಲ್ಲಿ ಹುಟ್ಟುವ ಮಾಲತಿ ತುಂಗೆಯನ್ನು ಸೇರಿ ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ. ಶಿವಮೊಗ್ಗ ಜಿಲ್ಲೆಯಲ್ಲೇ ಹುಟ್ಟುವ ವಾರಾಹಿ ಘಟ್ಟದ ಮೇಲೆ ಬಹುದೂರ ಹರಿದು, ಕುಂಚಿಕಲ್ಲಿನಲ್ಲಿ ಧುಮುಕಿ, ಹಾಲಾಡಿ ಹೊಳೆಯಾಗಿ ಗಂಗೊಳ್ಳಿಯ ಅಳಿವೆಯಲ್ಲಿ ಕಡಲು ಸೇರುತ್ತದೆ. ಶರಾವತಿ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಮಲೆನಾಡನ್ನು ಉದ್ದಕ್ಕೆ ಹಾದು, ಜೋಗದಲ್ಲಿ ಇಳಿದು ಹೊನ್ನಾವರಕ್ಕೆ ಹೋಗುತ್ತದೆ. ನೀರನ್ನೇ ನಂಬಿ ಗಡಿ ಎಳೆದರೆ ಹೊಸನಗರ ತಾಲ್ಲೂಕಿನ ದೊಡ್ಡ ಭಾಗ ಕರಾವಳಿಗೆ ಸೇರಬೇಕು. ಹಾಗೆ ಯಾರೂ ವಾದಿಸಿಲ್ಲ.

3. ಮಳೆಯ ಗೆರೆ. ಘಟ್ಟ ಮೋಡಗಳನ್ನು ತಡೆಯುತ್ತದೆ ಎಂಬುದು ಪಠ್ಯಪುಸ್ತಕದ ಪಾಠ, ತಪ್ಪೇನಲ್ಲ. ಉಡುಪಿಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆಯಾದರೆ ಶಿವಮೊಗ್ಗ ಪೇಟೆಯಲ್ಲಿ 1,000 ಮಿಲಿಮೀಟರಿಗೂ ಕಡಿಮೆ. ಆದರೆ ಅತಿ ಹೆಚ್ಚಿನ ಮಳೆ, 7,000 ಮಿಲಿಮೀಟರಿಗೂ ಮಿಕ್ಕಿ, ಸುರಿಯುವುದು ಗೋಡೆಯ ಬುಡದಲ್ಲಲ್ಲ, ನೆತ್ತಿಯ ಆಗುಂಬೆಯಲ್ಲಿ. ಮಳೆ ಅಲ್ಲಿಂದ ಮುಂದೆ ತೀರ್ಥಹಳ್ಳಿಯ ಮೇಲೂ ಧಾರಾಳವಾಗಿ ಬಿದ್ದು, ಶಿವಮೊಗ್ಗ ತಲುಪುವಷ್ಟರಲ್ಲಿ ಮೆಲ್ಲಮೆಲ್ಲನೆ ಕ್ಷೀಣಿಸುತ್ತದೆ. ಮಲೆನಾಡು ಮತ್ತು ಬಯಲುಸೀಮೆಯ ನಡುವಿನ ಈ ಬದಲಾವಣೆ ಅಂಚಿನಿಂದ ಎಷ್ಟೋ ಮೈಲಿ ಮೂಡಲಲ್ಲಿದೆ. ಮಳೆಯ ಲೆಕ್ಕದಲ್ಲಿ ಆಗುಂಬೆ ಶಿವಮೊಗ್ಗಕ್ಕಿಂತ ಹೆಬ್ರಿಗೇ ಹತ್ತಿರದ ಸಂಬಂಧಿ.

4. ನುಡಿಯ ಗೆರೆ. ಕೆಳಗೆ ತುಳು, ಮೇಲೆ ಕನ್ನಡ ಎನ್ನುವ ಮಾತು ಕಾಪು, ಕಾರ್ಕಳದಲ್ಲಿ ನಿಂತವರಿಗೆ ನಿಜವೆನಿಸುತ್ತದೆ. ಬ್ರಹ್ಮಾವರ ದಾಟಿ ಬಡಗಿಗೆ ನಡೆದರೆ ಅದು ಉಳಿಯುವುದಿಲ್ಲ. ತುಳುವಿನ ಸೀಮೆ ಸೀತಾನದಿಯ ಆಸುಪಾಸಿನಲ್ಲಿ ಮುಗಿದು, ಅಲ್ಲಿಂದಾಚೆ ಕುಂದಾಪ್ರ ಕನ್ನಡ ಮೊದಲಾಗುತ್ತದೆ. ಉಡುಪಿ ಜಿಲ್ಲೆಯೊಳಗಿನ ಮುಖ್ಯ ನುಡಿಗಡಿ ಘಟ್ಟದಿಂದ ಕಡಲಿಗೆ ಇಳಿದು ಬರುವ ಹೊಳೆಯ ಗುಂಟ ಇದೆ, ಘಟ್ಟದ ಏಣಿನ ಗುಂಟ ಅಲ್ಲ. ಕಳಸ, ಕೊಪ್ಪ, ಶೃಂಗೇರಿಯ ಕಡೆ ತುಳು ಆಡುವ ಮನೆಗಳೂ ಇವೆ. ಯಕ್ಷಗಾನದ ತಿಟ್ಟುಗಳೂ ತೆಂಕು, ಬಡಗು ಎಂದು ಒಡೆದಿವೆಯೇ ಹೊರತು ಮೇಲು, ಕೆಳಗು ಎಂದಲ್ಲ. ಮಂದಾರ್ತಿಯ ಮೇಳ ಘಟ್ಟದ ಮೇಲೂ ಹರಕೆಯಾಟ ಆಡುತ್ತದೆ.

ನಾಲ್ಕು ಗೆರೆಗಳು ನಾಲ್ಕು ಕಡೆ ಬಿದ್ದಾಗ, ಇವುಗಳಲ್ಲಿ ಯಾವುದು ಗಡಿ ಎಂದು ಆರಿಸುವವನು ಮನುಷ್ಯನೇ ಆಗಿರಬೇಕು. ಆರಿಸಿದ ಮೇಲೆ ಅದನ್ನು ಪ್ರಕೃತಿಯ ಹೆಸರಿನಲ್ಲಿ ಬರೆಯುವುದು ಲೋಕದ ಬೇರೆ ಕಡೆಗಳಲ್ಲೂ ನಡೆದಿದೆ, ಮತ್ತು ಅಲ್ಲಿಯೂ ಇದೇ ತೊಡಕು ಎದುರಾಗಿದೆ. ಅರ್ಜೆಂಟೀನಾ ಮತ್ತು ಚಿಲಿ 1881ರ ಒಪ್ಪಂದದಲ್ಲಿ, ಆಂಡೀಸಿನ ನೀರನ್ನು ಹಂಚುವ ಅತಿ ಎತ್ತರದ ಶಿಖರಗಳೇ ಗಡಿ ಎಂದು ಬರೆದುಕೊಂಡವು. ಪಟಗೋನಿಯಾದಲ್ಲಿ ಅಳತೆಗೆ ಹೋದಾಗ ಎತ್ತರದ ಶಿಖರಗಳು ಒಂದು ಕಡೆ, ನೀರು ಹಂಚುವ ಏಣು ಇನ್ನೊಂದು ಕಡೆ ಇದ್ದವು. ಎರಡು ದೇಶಗಳೂ ಯುದ್ಧದ ಸನಿಹಕ್ಕೆ ಹೋಗಿ, ಕೊನೆಗೆ 1902ರಲ್ಲಿ ಬ್ರಿಟನ್ನಿನ ದೊರೆಯ ತೀರ್ಪಿಗೆ ತಲೆಬಾಗಬೇಕಾಯಿತು. ಫ್ರಾನ್ಸ್ ಮತ್ತು ಸ್ಪೇನ್ 1659ರಲ್ಲಿ ಪಿರನೀಸ್ ಪರ್ವತವನ್ನು ಗಡಿಯೆಂದು ಒಪ್ಪಿಕೊಂಡವು. ಆದರೆ ಆ ಪರ್ವತದ ಯಾವ ಸಾಲು ಎಂಬುದು ಮುಂದಿನ ವರ್ಷದ ಚೌಕಾಸಿಗೆ ಉಳಿಯಿತು, ಸೆರ್ದಾನ್ಯ ಕಣಿವೆ ನಡುವೆ ಸೀಳಿಹೋಯಿತು, ಯೀವಿಯಾ ಎಂಬ ಪಟ್ಟಣ ಇಂದಿಗೂ ಫ್ರಾನ್ಸಿನ ನೆಲದ ನಡುವೆ ಸ್ಪೇನಿನ ತುಣುಕಾಗಿ ಉಳಿದಿದೆ. ಆಗುಂಬೆ ಮತ್ತು ವಾರಾಹಿಯನ್ನು ಬಲ್ಲವರಿಗೆ ಈ ತೊಡಕು ಹೊಸದೆನಿಸದು.

ಇನ್ನು ಚರಿತ್ರೆ. ಘಟ್ಟ ಸಹಜ ಗಡಿಯಾಗಿದ್ದರೆ ಹಳೆಯ ರಾಜ್ಯಗಳು ಅದರ ಈಚೆಗೋ ಆಚೆಗೋ ನಿಲ್ಲಬೇಕಿತ್ತು. ಕಾರ್ಕಳದ ಗೊಮ್ಮಟನೇ ಇದಕ್ಕೆ ವಿರುದ್ಧವಾಗಿ ನಿಂತಿದ್ದಾನೆ. 1432ರಲ್ಲಿ 42 ಅಡಿಯ ಆ ಮೂರ್ತಿಯನ್ನು ನಿಲ್ಲಿಸಿದ ವೀರಪಾಂಡ್ಯನ ಮನೆತನ ಘಟ್ಟದ ಮೇಲಿನ ಹುಂಚದ ಸಾಂತರರ ಕವಲು. ಕಳಸದಲ್ಲಿ ನೆಲೆನಿಂತು, ಮುಂದೆ ಕಾರ್ಕಳವನ್ನು ರಾಜಧಾನಿ ಮಾಡಿಕೊಂಡು, ಎರಡನ್ನೂ ಕೂಡಿಸಿ ಆಳಿದ ಈ ಭೈರರಸರ ರಾಜ್ಯವನ್ನು ಚರಿತ್ರೆಯ ಪುಸ್ತಕಗಳು ಕಳಸ–ಕಾರ್ಕಳ ರಾಜ್ಯವೆಂದೇ ಕರೆಯುತ್ತವೆ. ಚತುರ್ಮುಖ ಬಸದಿ ಎದ್ದ 1586ರ ಹೊತ್ತಿಗೂ ಅದೇ ಮನೆತನವಿತ್ತು. ಕುದುರೆಮುಖದ ಸಾಲು ಆ ರಾಜ್ಯದ ಅಂಚಾಗಿರಲಿಲ್ಲ, ಬೆನ್ನೆಲುಬಾಗಿತ್ತು: ಭದ್ರೆಯ ದಡದ ಕಳಸ ಅದರ ಒಂದು ಮಗ್ಗುಲು, ಗದ್ದೆಯ ಸೀಮೆಯಾದ ಕಾರ್ಕಳ ಇನ್ನೊಂದು. ಕೆಳದಿಯ ನಾಯಕರದೂ ಹೀಗೆಯೇ. ಕೆಳದಿ, ಇಕ್ಕೇರಿ, ಬಿದನೂರು ಎಂಬ ಮೂರು ರಾಜಧಾನಿಗಳೂ ಘಟ್ಟದ ಮೇಲೆ; ಆದಾಯದ ಒಂದು ದೊಡ್ಡ ಮೂಲ ಕೆಳಗಿನ ಬಂದರುಗಳ ಅಕ್ಕಿ ಮತ್ತು ಮೆಣಸಿನ ವ್ಯಾಪಾರ. ಶಿವಪ್ಪ ನಾಯಕನ ಕಾಲಕ್ಕೆ ಆ ರಾಜ್ಯ ಬೇಕಲದ ಕೋಟೆಯವರೆಗೆ ಇಳಿದಿತ್ತು. ಒಂದೆರಡು ಅರಸುಮನೆಗಳನ್ನು ತೋರಿಸಿ ಅಪವಾದವನ್ನೇ ನಿಯಮ ಮಾಡಲಾಗುತ್ತಿದೆ ಎಂದು ಆಕ್ಷೇಪಿಸಬಹುದು. ಹಾಗಾದರೆ ವರ್ಷಗಳನ್ನು ಎಣಿಸಬೇಕು. ಹದಿನಾಲ್ಕನೆಯ ಶತಮಾನದಲ್ಲಿ ಬಾರಕೂರು ವಿಜಯನಗರದ ಅಧೀನವಾದಂದಿನಿಂದ, ಕೆಳದಿಯ ಕಾಲವನ್ನು ಹಾದು, 1763ರಲ್ಲಿ ಬಿದನೂರು ಹೈದರನ ಕೈಸೇರಿ, 1799ರಲ್ಲಿ ಟಿಪ್ಪು ಮಡಿಯುವವರೆಗೆ ಘಟ್ಟದ ಮೇಲೂ ಕೆಳಗೂ ಬಹುಮಟ್ಟಿಗೆ ಒಂದೇ ದೊಡ್ಡ ಆಳ್ವಿಕೆಯ ಛತ್ರವಿತ್ತು. ಅದು ನಾಲ್ಕೂವರೆ ಶತಮಾನಗಳ ಹತ್ತಿರಹತ್ತಿರದ ಅವಧಿ. ಗಡಿಯಿದ್ದದ್ದು 157 ವರ್ಷ. ಅಪವಾದ ಯಾವುದೆಂದು ಈ ಎಣಿಕೆಯೇ ಹೇಳುತ್ತದೆ.

ಆ ಗಡಿ ಹುಟ್ಟಿದ ಬಗೆಯೂ ತಿಳಿದದ್ದೇ. 1783ರ ಆರಂಭದಲ್ಲಿ ಜನರಲ್ ಮ್ಯಾಥ್ಯೂಸನ ಸೇನೆ ಕುಂದಾಪುರದಿಂದ ಹೊಸಂಗಡಿ ಘಟ್ಟ ಹತ್ತಿ ಬಿದನೂರನ್ನು ಹಿಡಿಯಿತು. ಕೆಲವೇ ತಿಂಗಳಲ್ಲಿ ಟಿಪ್ಪು ಅದನ್ನು ಮರಳಿ ಗೆದ್ದ. ಘಟ್ಟ ಸೇನೆಯನ್ನು ತಡೆಯುವುದಿಲ್ಲ, ದಾರಿಯ ತಲೆಯಲ್ಲಿರುವ ಕೋಟೆ ತಡೆಯುತ್ತದೆ ಎಂಬುದು ಎರಡೂ ಕಡೆಯವರಿಗೆ ಮನವರಿಕೆಯಾದದ್ದು ಅಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿ ಮೈಸೂರನ್ನು ಹಂಚುವಾಗ ಕರಾವಳಿಯನ್ನೆಲ್ಲ ತನ್ನಲ್ಲಿಯೇ ಇಟ್ಟುಕೊಂಡಿತು. ಮೈಸೂರಿಗೆ ಬಂದರು ಇರಕೂಡದು, ಫ್ರೆಂಚರ ಹಡಗು ಅದನ್ನು ಮುಟ್ಟಕೂಡದು ಎಂಬುದು ಅದರ ಲೆಕ್ಕ. ಘಟ್ಟದಾರಿಗಳ ತಲೆಯ ಮೇಲಿನ ಕೋಟೆಗಳನ್ನೂ ಅದು ಕೇಳಿ ಪಡೆಯಿತು. ಬೆಟ್ಟವೇ ಸಾಕಾದ ಗಡಿಯಾಗಿದ್ದರೆ ಕೋಟೆಗಳು ಯಾಕೆ ಬೇಕಿದ್ದವು? ಇನ್ನೂ ಬಲವಾದ ಸಾಕ್ಷಿ ಬಡಗಿನಲ್ಲಿದೆ. ಅದೇ ವರ್ಷ, ಅದೇ ಕೆನರಾಕ್ಕೆ ಸೋದೆಯ ಸೀಮೆಯೂ ಸೇರಿತು. ಶಿರಸಿ, ಸಿದ್ದಾಪುರ, ಯಲ್ಲಾಪುರ ಘಟ್ಟದ ಮೇಲಿದ್ದೂ ಕುಮಟಾ, ಹೊನ್ನಾವರದೊಂದಿಗೆ ಒಂದೇ ಜಿಲ್ಲೆಯಾದವು, ಇಂದಿಗೂ ಉತ್ತರ ಕನ್ನಡದಲ್ಲಿ ಒಟ್ಟಿಗೇ ಇವೆ. ತೆಂಕಿನಲ್ಲಿ ಅಮರ ಸುಳ್ಯದ ಸೀಮೆ ಘಟ್ಟದ ಕೆಳಗಿದ್ದೂ 1834ರವರೆಗೆ ಕೊಡಗಿನ ಅರಸರದಾಗಿತ್ತು. ಒಂದೇ ಘಟ್ಟ ಉಡುಪಿಯ ಮೂಡಲಲ್ಲಿ ಗಡಿಯಾಗಿ, ಶಿರಸಿಯ ಪಡುವಲಲ್ಲಿ ಗಡಿಯಾಗದೆ ಉಳಿದರೆ, ಗಡಿಯ ಕಾರಣ ಘಟ್ಟವಲ್ಲ ಎಂಬ ತೀರ್ಮಾನವನ್ನು ತಪ್ಪಿಸಿಕೊಳ್ಳಲಾಗದು.

ಇದಕ್ಕೆ ಬರಬಹುದಾದ ಆಕ್ಷೇಪಗಳಲ್ಲಿ ಮೊದಲನೆಯದು, ಅರಸರು ದಾಟಿರಬಹುದು, ಸಾಮಾನ್ಯ ಜನ ದಾಟಿದರೇ ಎಂಬುದು. ದಾಟದೆ ವಿಧಿಯಿರಲಿಲ್ಲ. ಉಪ್ಪು ಕಡಲಿನದು, ಮೆಣಸು ಕಾಡಿನದು. ಕೆಳಗಿನಿಂದ ಉಪ್ಪು, ಒಣಮೀನು, ತೆಂಗಿನಕಾಯಿ ಹತ್ತುತ್ತಿದ್ದವು. ಮೇಲಿನಿಂದ ಮೆಣಸು, ಏಲಕ್ಕಿ, ಅಡಿಕೆ ಇಳಿಯುತ್ತಿದ್ದವು, ಹೇರೆತ್ತುಗಳ ಬೆನ್ನಿನ ಮೇಲೆ. ಮಾಧ್ವ ಪರಂಪರೆಯ ಭೀಮನಕಟ್ಟೆ ಮಠ ಇರುವುದು ತುಂಗೆಯ ದಡದಲ್ಲಿ. ಪದವೇ ಇನ್ನೂ ಸ್ಪಷ್ಟವಾಗಿ ಮಾತಾಡುತ್ತದೆ: ಘಟ್ಟ ಎಂದರೆ ಮೂಲದಲ್ಲಿ ಮೆಟ್ಟಿಲು, ಸೋಪಾನ, ನದಿಗೆ ಇಳಿಯುವ ಜಾಗಕ್ಕೂ ಗುಡ್ಡದ ಕಣಿವೆದಾರಿಗೂ ಸಲ್ಲುವ ಮಾತು. ಆಗುಂಬೆ ಘಟ್ಟ, ಹುಲಿಕಲ್ ಘಟ್ಟ, ಮಾಳ ಘಟ್ಟ ಎಂದಾಗ ಜನ ಹೇಳುವುದು ಏರುವ ದಾರಿಯನ್ನು. ಆ ದಾರಿಯ ಹೆಸರೇ ಇಡೀ ಪರ್ವತಸಾಲಿಗೆ ಅಂಟಿತು. ಘಟ್ಟದ ಮೇಲೆ, ಘಟ್ಟದ ಕೆಳಗೆ ಎಂಬ ಜೋಡಿಮಾತೂ ಎರಡು ಬೇರೆ ವಸ್ತುಗಳನ್ನು ಹೆಸರಿಸುವುದಿಲ್ಲ. ಒಂದೇ ದಾರಿಯ ಎರಡು ತುದಿಗಳನ್ನು ಹೆಸರಿಸುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ವ್ಯತ್ಯಾಸಗಳು ಕಣ್ಣೆದುರಿಗಿವೆ, ಅಳಿಯಸಂತಾನದಂಥ ಪದ್ಧತಿ ಕೆಳಗಿದೆ, ಮೇಲಿಲ್ಲ, ಅದನ್ನು ಯಾವ ಕಂಪನಿಯೂ ತರಲಿಲ್ಲ. ಇದರಲ್ಲಿ ಅರ್ಧ ಸತ್ಯವಿದೆ. ಆದರೆ ಅಳಿಯಸಂತಾನ ಕೆಳಗಿನ ಎಲ್ಲರ ಪದ್ಧತಿಯಾಗಿರಲಿಲ್ಲ, ಕೆಲವು ಸಮುದಾಯಗಳದ್ದಾಗಿತ್ತು. ಘಟ್ಟದ ಮೇಲಿನಿಂದ ಬಂದ ಭೈರರಸರೂ ಅದನ್ನು ಪಾಲಿಸಿದರು. ಅದಕ್ಕೆ ಭೂಪಟದ ಮೇಲೆ ಖಚಿತವಾದ ಎಲ್ಲೆ ಬಂದದ್ದು ಸರ್ಕಾರದ ಕಾನೂನಿನಿಂದ: 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಹೊರಟದ್ದು ಮದ್ರಾಸಿನ ಶಾಸನಸಭೆಯಿಂದ, ಮೈಸೂರಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಇದೊಂದು ಉದಾಹರಣೆ ಮಾತ್ರ. ಉಡುಪಿಯ ಹುಡುಗ ಓದಿದ್ದು ಮದ್ರಾಸ್ ವಿಶ್ವವಿದ್ಯಾನಿಲಯದ ಪಠ್ಯ, ತೀರ್ಥಹಳ್ಳಿಯ ಹುಡುಗ 1916ರ ನಂತರ ಮೈಸೂರು ವಿಶ್ವವಿದ್ಯಾನಿಲಯದ್ದು. ಒಬ್ಬ ಮೇಲ್ಮನವಿಗೆ ಮದ್ರಾಸಿಗೆ ಹೋಗಬೇಕು, ಇನ್ನೊಬ್ಬ ಬೆಂಗಳೂರಿಗೆ. ಐದಾರು ತಲೆಮಾರು ಹೀಗೆ ಕಳೆದರೆ ನೆರೆಹೊರೆಯವರೂ ಬೇರೆಯವರಾಗುತ್ತಾರೆ. ಇಂದು ಗಡಿಗೆ ಕಾರಣವೆಂದು ತೋರಿಸುವ ವ್ಯತ್ಯಾಸಗಳಲ್ಲಿ ಎಷ್ಟೋ ಗಡಿಯಿಂದಲೇ ಆದ ಪರಿಣಾಮಗಳು. ಪರಿಣಾಮವನ್ನು ಕಾರಣದ ಜಾಗದಲ್ಲಿ ಕೂರಿಸಿದರೆ ಚರಿತ್ರೆ ತಲೆಕೆಳಗಾಗುತ್ತದೆ.

ಮೂರನೆಯದು ಅನುಕೂಲದ ವಾದ: ಗಡಿ ಎಲ್ಲಿಯಾದರೂ ಇರಲೇಬೇಕು, ಬೆಟ್ಟದ ಮೇಲಿದ್ದರೆ ಸುಲಭ. ಇದನ್ನು ಒಪ್ಪಬಹುದು, ಆದರೆ ಒಪ್ಪಿದ ಕೂಡಲೇ ‘ಸಹಜ’ ಎಂಬ ಮಾತನ್ನು ಕೈಬಿಡಬೇಕು. ಅನುಕೂಲಕ್ಕೆ ಎಳೆದ ಗೆರೆಯನ್ನು ಅನಾನುಕೂಲವಾದಾಗ ಬದಲಿಸಬಹುದು. ಪ್ರಕೃತಿಯದೆಂದು ನಂಬಿದ ಗೆರೆಯನ್ನು ಪ್ರಶ್ನಿಸುವ ಯೋಚನೆಯೇ ಬರುವುದಿಲ್ಲ. ವ್ಯತ್ಯಾಸ ಬರಿಯ ತರ್ಕದ್ದಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನ ಚಿಕ್ಕಮಗಳೂರು, ದಕ್ಷಿಣ ಕನ್ನಡ, ಉಡುಪಿ ಮೂರಕ್ಕೂ ಹರಡಿದೆ. ಅಲ್ಲಿ ಕಬ್ಬಿಣದ ಅದಿರು ಅಗೆದದ್ದು ನೆತ್ತಿಯಲ್ಲಿ, ಹೂಳು ತುಂಬಿದ್ದು ಭದ್ರೆಯಲ್ಲಿ, ಅದಿರಿನ ಕೆಸರು ಕೊಳವೆಯಲ್ಲಿ ಹರಿದು ಹಡಗೇರಿದ್ದು ಪಣಂಬೂರಿನ ಕಡಲಲ್ಲಿ. ಲಾಭನಷ್ಟವನ್ನು ಒಂದೇ ಮಗ್ಗುಲಿನಿಂದ ನೋಡಿದವರಿಗೆ 2005ರ ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಂತೆ ಗಣಿ ನಿಂತದ್ದರ ಅರ್ಥ ಪೂರ್ತಿ ತಿಳಿಯಲಿಲ್ಲ. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖ, ಸೋಮೇಶ್ವರದ ಅಭಯಾರಣ್ಯ, ಆಗುಂಬೆಯ ರಕ್ಷಿತಾರಣ್ಯಗಳನ್ನು ಒಂದೇ ಗುಂಪಾಗಿ ಎಣಿಸಿತು. ಕಾಡಿಗೆ ಜಿಲ್ಲೆಯ ಗೆರೆ ಗೊತ್ತಿಲ್ಲ. ವಾರಾಹಿಯ ನೀರನ್ನು ಮಾಣಿಯಲ್ಲಿ ತಡೆದದ್ದು ಶಿವಮೊಗ್ಗ ಜಿಲ್ಲೆಯಲ್ಲಿ, ಅದು 460 ಮೆಗಾವಾಟ್ ವಿದ್ಯುತ್ತಾಗುವುದು ಹೊಸಂಗಡಿಯ ನೆಲದಡಿಯಲ್ಲಿ, ಉಡುಪಿ ಜಿಲ್ಲೆಯಲ್ಲಿ. ತೀರ್ಥಹಳ್ಳಿ, ಶೃಂಗೇರಿಯ ಎಷ್ಟೋ ರೋಗಿಗಳಿಗೆ ದೊಡ್ಡ ಆಸ್ಪತ್ರೆ ಎಂದರೆ ಮಣಿಪಾಲ. ಮಳೆಗಾಲದಲ್ಲಿ ಆಗುಂಬೆಯ ತಿರುವಿನಲ್ಲಿ ಮಣ್ಣು ಕುಸಿದರೆ ಅವರಿಗೆ ಅದು ಪಕ್ಕದ ಜಿಲ್ಲೆಯ ಸುದ್ದಿಯಲ್ಲ, ತಮ್ಮ ಊರಿನ ರಸ್ತೆ ಕಡಿದುಹೋದ ಸಂಕಟ. ಆ ರಸ್ತೆಯ ಯೋಜನೆಯನ್ನು, ಕಾಡಿನ ಕಾವಲನ್ನು, ನೀರಿನ ಹಂಚಿಕೆಯನ್ನು ಎರಡೂ ತುದಿಯವರು ಕೂಡಿ ಯೋಚಿಸಬೇಕಾದ ಹೊತ್ತಿನಲ್ಲಿ, ಘಟ್ಟದಾಚೆಯದು ಬೇರೆ ಲೋಕ ಎಂಬ ಭಾವನೆ ನೇರವಾಗಿ ಅಡ್ಡಬರುತ್ತದೆ.

ಕೊಡಚಾದ್ರಿಯಲ್ಲಿ ಈ ಎಲ್ಲ ಎಳೆಗಳೂ ಒಂದೇ ಬೆಟ್ಟದ ಮೇಲೆ ಸಿಗುತ್ತವೆ. ಕಂದಾಯದ ಕಡತದಲ್ಲಿ ಅದು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿಗೆ ಸೇರಿದೆ. ಆದರೆ ಮೂಲ ಮೂಕಾಂಬಿಕೆಯ ಗುಡಿ ಅದರ ಮೇಲಿದ್ದು, ಅಲ್ಲಿಗೆ ಹೋಗುವ ಭಕ್ತರಲ್ಲಿ ಬಹಳಷ್ಟು ಮಂದಿ ಉಡುಪಿ ಜಿಲ್ಲೆಯ ಕೊಲ್ಲೂರಿನಿಂದ ಹೊರಟವರು. ಅದರ ಮಡಿಲಲ್ಲಿ ಹುಟ್ಟುವ ಸೌಪರ್ಣಿಕೆ ಕೊಲ್ಲೂರಿನ ದೇವಾಲಯದ ಬಳಿಯಲ್ಲಿ ಹಾದು, ಮರವಂತೆಯಲ್ಲಿ ಕಡಲನ್ನು ಮುಟ್ಟುವಷ್ಟು ಹತ್ತಿರಕ್ಕೆ ಬಂದು, ಅಲ್ಲಿಂದ ತಿರುಗಿ ಗಂಗೊಳ್ಳಿಯ ಅಳಿವೆಗೆ ಹೋಗುತ್ತದೆ. ಮಾಣಿಯಿಂದ ಇಳಿದು ಬಂದ ವಾರಾಹಿಯೂ ಸೇರುವುದು ಆ ಅಳಿವೆಯನ್ನೇ.